ಘಟ್ಟ ಹತ್ತುವ ಜೀಪಿನ ರಬ್ಬರ್ ಕೊಳವೆಗಳು



ಕೊಡಗಿನಲ್ಲಿ ಜೀಪು ಕಾಣದ ಊರಿಲ್ಲ. ಕಾಫಿ ತೋಟಕ್ಕೆ ಕೆಲಸದವರನ್ನು ಕರೆದೊಯ್ಯುವುದು ಜೀಪು. ಕಾಳುಮೆಣಸಿನ ಮೂಟೆಗಳನ್ನು ಪೇಟೆಗೆ ಸಾಗಿಸುವುದು ಜೀಪು. ಮಾಂದಲ್‌ಪಟ್ಟಿಯ ಬೆಟ್ಟಕ್ಕೆ ಪ್ರವಾಸಿಗರನ್ನು ಹತ್ತಿಸುವುದೂ ಜೀಪೇ. ನಿಮ್ಮಲ್ಲಿ ಕೆಲವರು ಶಾಲೆಗೆ ಬರುವುದೂ ಜೀಪಿನಲ್ಲೇ ಇರಬಹುದು.

ಘಟ್ಟದ ರಸ್ತೆಯ ಬದಿಯಲ್ಲಿ ಬಾನೆಟ್ ತೆರೆದು ನಿಂತ ವಾಹನವನ್ನು ನೀವು ನೋಡಿರಬಹುದು. ಅದರ ಮುಂಭಾಗದಿಂದ ಬುಸುಬುಸು ಹಬೆ ಏಳುತ್ತಿರುತ್ತದೆ. ಚಾಲಕರು ಬಾಟಲಿ ಹಿಡಿದು ನೀರು ಹುಡುಕುತ್ತಿರುತ್ತಾರೆ. ಎಷ್ಟೋ ಸಲ ಇದಕ್ಕೆ ಕಾರಣ ಒಂದು ಹಳೆಯ ರಬ್ಬರ್ ಕೊಳವೆ. ಇದನ್ನು ಗ್ಯಾರೇಜಿನವರು ಹೋಸ್ ಪೈಪ್ ಎನ್ನುತ್ತಾರೆ. ಹೋಸ್ ಒಡೆದರೆ ಎಂಜಿನ್ ಕೆಡುತ್ತದೆ. ಬ್ರೇಕಿನ ಹೋಸ್ ಒಡೆದರೆ ಪ್ರಾಣಕ್ಕೇ ಅಪಾಯ. ಈ ಕೊಳವೆಗಳು ಏನು ಕೆಲಸ ಮಾಡುತ್ತವೆ? ಅವು ಏಕೆ ಹಾಳಾಗುತ್ತವೆ? ಅವನ್ನು ಬದಲಿಸುವುದು ಹೇಗೆ? ಬನ್ನಿ, ತಿಳಿಯೋಣ.

ವಾಹನದ ಒಳಗಿನ ಕೊಳವೆಗಳು

ನಮ್ಮ ದೇಹದಲ್ಲಿ ರಕ್ತನಾಳಗಳಿರುವಂತೆ ವಾಹನದಲ್ಲಿ ಹಲವು ಕೊಳವೆಗಳಿವೆ. ಒಂದೊಂದು ಕೊಳವೆಯಲ್ಲಿ ಒಂದೊಂದು ದ್ರವ ಹರಿಯುತ್ತದೆ.

ಮೊದಲನೆಯದು ರೇಡಿಯೇಟರ್ ಹೋಸ್. ಎಂಜಿನ್ನಿನಲ್ಲಿ ಇಂಧನ ಉರಿದಾಗ ಬಹಳ ಶಾಖ ಉಂಟಾಗುತ್ತದೆ. ಎಂಜಿನ್ನಿನ ಸುತ್ತ ಹರಿಯುವ ದ್ರವ ಆ ಶಾಖವನ್ನು ಹೀರಿಕೊಳ್ಳುತ್ತದೆ. ಬಿಸಿಯಾದ ದ್ರವ ಮೇಲಿನ ಹೋಸಿನ ಮೂಲಕ ರೇಡಿಯೇಟರಿಗೆ ಬರುತ್ತದೆ. ಅಲ್ಲಿ ಗಾಳಿಗೆ ತಣ್ಣಗಾಗಿ ಕೆಳಗಿನ ಹೋಸಿನ ಮೂಲಕ ಮತ್ತೆ ಎಂಜಿನ್ನಿಗೆ ಹೋಗುತ್ತದೆ.

ಎರಡನೆಯದು ಇಂಧನದ ಹೋಸ್. ಇದು ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಅಥವಾ ಡೀಸೆಲ್ ಒಯ್ಯುತ್ತದೆ.

ಮೂರನೆಯದು ಬ್ರೇಕ್ ಹೋಸ್. ಚಾಲಕರು ಬ್ರೇಕ್ ತುಳಿದಾಗ ಆ ಒತ್ತಡವನ್ನು ಚಕ್ರದವರೆಗೆ ತಲುಪಿಸುವುದು ಇದರ ಕೆಲಸ. ಇದರಲ್ಲಿ ಬ್ರೇಕ್ ಆಯಿಲ್ ಇರುತ್ತದೆ.

ನಾಲ್ಕನೆಯದು ಗಾಜು ತೊಳೆಯುವ ನೀರಿನ ಸಣ್ಣ ಕೊಳವೆ. ಒತ್ತಡ ಕಡಿಮೆ, ಶಾಖವೂ ಇಲ್ಲ. ಹಾಗಾಗಿ ಇದು ತೆಳುವಾಗಿರುತ್ತದೆ.

ಕಬ್ಬಿಣದ ಕೊಳವೆ ಏಕೆ ಬೇಡ?

ಕಬ್ಬಿಣ ರಬ್ಬರಿಗಿಂತ ಗಟ್ಟಿ. ಹಾಗಿದ್ದರೆ ಎಲ್ಲ ಕಡೆಯೂ ಕಬ್ಬಿಣದ ಕೊಳವೆಯನ್ನೇ ಹಾಕಬಹುದಲ್ಲವೆ?

ಎಂಜಿನ್ ಓಡುತ್ತಿರುವಾಗ ಅದನ್ನು ಗಮನಿಸಿ. ಅದು ಸದಾ ನಡುಗುತ್ತಿರುತ್ತದೆ. ರೇಡಿಯೇಟರ್ ಮಾತ್ರ ವಾಹನದ ಚೌಕಟ್ಟಿಗೆ ಬಿಗಿಯಾಗಿ ಕೂತಿರುತ್ತದೆ. ನಡುಗುವ ವಸ್ತುವನ್ನೂ ನಡುಗದ ವಸ್ತುವನ್ನೂ ಲೋಹದ ಕೊಳವೆಯಿಂದ ಜೋಡಿಸಿದರೆ ಕೆಲವೇ ದಿನಗಳಲ್ಲಿ ಅದು ಬಿರುಕು ಬಿಡುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ತುಂಡಾಗುವುದಿಲ್ಲವೆ? ಇದೂ ಹಾಗೆಯೇ.

ಚಕ್ರವಂತೂ ಗುಂಡಿಗೆ ಇಳಿದು ಏಳುತ್ತದೆ, ಎಡಕ್ಕೂ ಬಲಕ್ಕೂ ತಿರುಗುತ್ತದೆ. ಆದ್ದರಿಂದ ಬ್ರೇಕ್ ಆಯಿಲ್ ಬಹುದೂರ ಉಕ್ಕಿನ ಕೊಳವೆಯಲ್ಲೇ ಬಂದರೂ ಚಕ್ರದ ಹತ್ತಿರದ ಕೊನೆಯ ಮೊಳದುದ್ದದಲ್ಲಿ ಬಾಗುವ ಹೋಸ್ ಇರಲೇಬೇಕು.

ರಬ್ಬರಿನ ಕಥೆ

ಸಂಪಾಜೆ, ಸುಳ್ಯದ ಕಡೆ ಹೋದವರು ರಬ್ಬರ್ ತೋಟಗಳನ್ನು ನೋಡಿರುತ್ತೀರಿ. ಮರದ ತೊಗಟೆಯ ಮೇಲೆ ಓರೆಯಾದ ಗೀರು, ಅದರ ಕೆಳಗೆ ಕಟ್ಟಿದ ಚಿಪ್ಪು ಅಥವಾ ಬಟ್ಟಲು. ಗೀರಿನಿಂದ ಹಾಲಿನಂಥ ರಸ ತೊಟ್ಟಿಕ್ಕುತ್ತದೆ. ಇದೇ ರಬ್ಬರ್ ಹಾಲು.

ಈ ಮರದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. 1876ರಲ್ಲಿ ಹೆನ್ರಿ ವಿಕ್‌ಹ್ಯಾಂ ಎಂಬ ಇಂಗ್ಲಿಷ್ ವ್ಯಕ್ತಿ ಬ್ರೆಜಿಲ್‌ನಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ತಂದರು. ಮೊಳೆತದ್ದು ಅವುಗಳಲ್ಲಿ ಸ್ವಲ್ಪ ಭಾಗ ಮಾತ್ರ. ಆ ಸಸಿಗಳನ್ನು ಶ್ರೀಲಂಕಾ ಮೊದಲಾದ ಕಡೆ ಕಳುಹಿಸಲಾಯಿತು. ಹೀಗೆ ರಬ್ಬರ್ ಏಷ್ಯಾಕ್ಕೆ ಬಂದು ಮುಂದೆ ನಮ್ಮ ಪಶ್ಚಿಮ ಘಟ್ಟದ ತಪ್ಪಲಿನಲ್ಲೂ ಬೇರೂರಿತು.

ಮರದಿಂದ ಬಂದ ರಬ್ಬರ್ ಹಾಗೆಯೇ ಉಪಯೋಗಕ್ಕೆ ಬಾರದು. ಬಿಸಿಲಿಗೆ ಅದು ಅಂಟಂಟಾಗುತ್ತದೆ, ಚಳಿಗೆ ಗಡುಸಾಗುತ್ತದೆ. ಈ ತೊಂದರೆಗೆ ಪರಿಹಾರ ಕಂಡವರು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯೂ ಆಗುತ್ತದೆ, ಎಳೆದರೆ ಹಿಗ್ಗಿ ಬಿಟ್ಟರೆ ಮೊದಲಿನ ಆಕಾರಕ್ಕೂ ಬರುತ್ತದೆ ಎಂದು ಅವರು 1839ರಲ್ಲಿ ಕಂಡುಕೊಂಡರು. ಈ ಕ್ರಿಯೆಗೆ ವಲ್ಕನೀಕರಣ ಎಂದು ಹೆಸರು. ಎಷ್ಟೊಂದು ಜನರಿಗೆ ಉಪಯೋಗವಾದ ಈ ಶೋಧದಿಂದ ಗುಡ್‌ಇಯರ್ ಶ್ರೀಮಂತರಾಗಲಿಲ್ಲ. 1860ರಲ್ಲಿ ಅವರು ತೀರಿಕೊಂಡಾಗ ಸಾಲ ಉಳಿದಿತ್ತು.

ಗಂಧಕ ಏನು ಮಾಡುತ್ತದೆ? ರಬ್ಬರಿನ ಅಣುಗಳು ಬಹಳ ಉದ್ದ. ತಟ್ಟೆಯಲ್ಲಿರುವ ನೂಪುಟ್ಟಿನ ಎಳೆಗಳನ್ನು ನೆನಪಿಸಿಕೊಳ್ಳಿ. ಬಿಸಿಯಾಗಿದ್ದಾಗ ಒಂದು ಎಳೆ ಇನ್ನೊಂದರ ಮೇಲೆ ಸುಲಭವಾಗಿ ಜಾರುತ್ತದೆ. ಆ ಎಳೆಗಳನ್ನು ಅಲ್ಲಲ್ಲಿ ದಾರದಿಂದ ಒಂದಕ್ಕೊಂದು ಕಟ್ಟಿದರೆ? ಆಗ ಅವು ಜಾರಿ ಹೋಗಲಾರವು. ಗಂಧಕದ ಪರಮಾಣುಗಳು ರಬ್ಬರಿನ ಎಳೆಗಳ ನಡುವೆ ಇಂಥ ಕಟ್ಟುಗಳನ್ನು ಹಾಕುತ್ತವೆ.

ಹೋಸಿನ ರಬ್ಬರಿಗೆ ಇದ್ದಿಲಿನಂಥ ನುಣ್ಣನೆಯ ಕಪ್ಪು ಪುಡಿಯನ್ನೂ ಸೇರಿಸುತ್ತಾರೆ. ಇದರಿಂದ ರಬ್ಬರ್ ಬಲಗೊಳ್ಳುತ್ತದೆ, ಬಿಸಿಲಿನ ಹಾನಿಯನ್ನೂ ತಡೆಯುತ್ತದೆ. ಟೈರುಗಳು ಕಪ್ಪಗಿರುವುದೂ ಇದರಿಂದಲೇ. ಗ್ಯಾರೇಜಿನಲ್ಲಿ ಬಿದ್ದಿರುವ ಹಳೆಯ ರೇಡಿಯೇಟರ್ ಹೋಸಿನ ತುಂಡೊಂದನ್ನು ಕೇಳಿ ಪಡೆಯಿರಿ. ಕತ್ತರಿಸಿದ ಅಂಚನ್ನು ನೋಡಿ. ಒಳಗೆ ರಬ್ಬರ್, ನಡುವೆ ದಾರದ ಹೆಣಿಗೆ, ಹೊರಗೆ ಮತ್ತೆ ರಬ್ಬರ್ ಕಾಣುತ್ತದೆ. ದ್ರವವನ್ನು ಸೋರದಂತೆ ಹಿಡಿಯುವುದು ರಬ್ಬರ್. ಒತ್ತಡಕ್ಕೆ ಬಲೂನಿನಂತೆ ಉಬ್ಬದಂತೆ ತಡೆಯುವುದು ದಾರ.

ಪ್ರಯೋಗ 1: ಕಿತ್ತಳೆ ಸಿಪ್ಪೆ ಮತ್ತು ಬಲೂನು

ಬೇಕಾಗುವ ಸಾಮಗ್ರಿಗಳು: ಕೊಡಗಿನ ಕಿತ್ತಳೆ ಹಣ್ಣಿನ ತಾಜಾ ಸಿಪ್ಪೆ, ಎರಡು ಬಲೂನು, ನೀರು.

ವಿಧಾನ: ಬಲೂನುಗಳನ್ನು ಚೆನ್ನಾಗಿ ಊದಿ ಕಟ್ಟಿ. ಒಂದರ ಮೇಲೆ ನೀರಿನ ಹನಿಗಳನ್ನು ಹಾಕಿ. ಇನ್ನೊಂದರ ಹತ್ತಿರ ಸಿಪ್ಪೆಯನ್ನು ಹಿಡಿಯಿರಿ. ಸಿಪ್ಪೆಯ ಹೊರಮೈ ಬಲೂನಿನ ಕಡೆಗಿರಲಿ. ಈಗ ಸಿಪ್ಪೆಯನ್ನು ಮಡಚಿ ಹಿಂಡಿ. ರಸ ಕಣ್ಣಿಗೆ ಸಿಡಿಯದಂತೆ ಮುಖವನ್ನು ದೂರ ಇಟ್ಟುಕೊಳ್ಳಿ. ಒಂದು ಸಲಕ್ಕೆ ಆಗದಿದ್ದರೆ ನಾಲ್ಕೈದು ಸಲ ಹಿಂಡಿ ನೋಡಿ.

ಏನು ಗಮನಿಸಿದಿರಿ? ನೀರು ಬಿದ್ದ ಬಲೂನಿಗೆ ಏನೂ ಆಗಲಿಲ್ಲ. ಸಿಪ್ಪೆಯ ರಸ ಬಿದ್ದ ಬಲೂನು ಢಬ್ಬೆಂದು ಒಡೆಯಿತು.

ಏಕೆ ಹೀಗೆ? ಕಿತ್ತಳೆ ಸಿಪ್ಪೆಯಲ್ಲಿ ಲಿಮೊನೀನ್ ಎಂಬ ಎಣ್ಣೆಯಂಥ ದ್ರವವಿದೆ. ಸಿಪ್ಪೆಯ ಪರಿಮಳಕ್ಕೆ ಮುಖ್ಯ ಕಾರಣವೂ ಅದೇ. ಅದು ರಬ್ಬರಿನ ಎಳೆಗಳ ನಡುವೆ ನುಸುಳಿ ಅವನ್ನು ಸಡಿಲಗೊಳಿಸುತ್ತದೆ. ಊದಿ ತೆಳ್ಳಗಾಗಿದ್ದ ರಬ್ಬರ್ ಆ ಜಾಗದಲ್ಲಿ ಸೋತು ಹರಿಯುತ್ತದೆ. ನೀರಿಗೆ ರಬ್ಬರಿನೊಳಗೆ ಹಾಗೆ ನುಸುಳಲು ಆಗದು.

ಹೋಸಿನ ವಿಷಯದಲ್ಲೂ ಇದೇ ಪಾಠ. ಎಲ್ಲ ದ್ರವಕ್ಕೂ ಒಂದೇ ರಬ್ಬರ್ ಹೊಂದುವುದಿಲ್ಲ. ರೇಡಿಯೇಟರ್ ಹೋಸಿಗೆ ಈಗ ಸಾಮಾನ್ಯವಾಗಿ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರ್ ಬಳಸುತ್ತಾರೆ. ಅದು ಬಿಸಿ ನೀರನ್ನು ವರ್ಷಗಟ್ಟಲೆ ತಾಳುತ್ತದೆ. ಆದರೆ ಪೆಟ್ರೋಲ್ ಅಥವಾ ಎಂಜಿನ್ ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಇಂಧನದ ಹೋಸಿಗೆ ನೈಟ್ರೈಲ್‌ನಂಥ ಬೇರೆ ಜಾತಿಯ ಕೃತಕ ರಬ್ಬರ್ ಬೇಕು. ನೋಡಲು ಎರಡೂ ಕಪ್ಪೇ. ಅಳತೆ ಸರಿಯಾಯಿತೆಂದು ನೀರಿನ ಕೊಳವೆಯನ್ನು ಪೆಟ್ರೋಲಿಗೆ ಜೋಡಿಸಿದರೆ ಕೆಲವೇ ದಿನಗಳಲ್ಲಿ ಅದು ಸೋರಿ ಬೆಂಕಿ ಹತ್ತಬಹುದು.

ರೇಡಿಯೇಟರ್ ಎಂಬ ಕುಕ್ಕರ್

ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1170 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಯಲ್ಲೇ ಕುದಿಯುತ್ತದೆ. ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ 1748 ಮೀಟರ್ ಇದೆ. ಅಲ್ಲಿ ನೀರು ಇನ್ನೂ ಎರಡು ಡಿಗ್ರಿ ಕಡಿಮೆಯಲ್ಲಿ ಕುದಿಯುತ್ತದೆ.

ಬೆಟ್ಟದ ಊರುಗಳಲ್ಲಿ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಬೇಕು. ಅಮ್ಮ ಕುಕ್ಕರಿನಲ್ಲಿ ಬೇಯಿಸಿದರೆ ಬೇಗ ಆಗುತ್ತದೆ. ಏಕೆಂದರೆ ಮುಚ್ಚಿದ ಕುಕ್ಕರಿನೊಳಗೆ ಒತ್ತಡ ಏರುತ್ತದೆ, ಒತ್ತಡ ಏರಿದಂತೆ ಕುದಿಯುವ ಬಿಂದುವೂ ಏರುತ್ತದೆ. ಕುಕ್ಕರಿನೊಳಗಿನ ನೀರು ಸುಮಾರು 120 ಡಿಗ್ರಿಯವರೆಗೂ ಬಿಸಿಯಾಗಬಲ್ಲದು.

ರೇಡಿಯೇಟರಿನ ಮುಚ್ಚಳವೂ ಇದೇ ಕೆಲಸ ಮಾಡುತ್ತದೆ. ಅದರಲ್ಲಿ ಸ್ಪ್ರಿಂಗ್ ಇದ್ದು ಒಳಗೆ ಒತ್ತಡ ಉಳಿಯುವಂತೆ ನೋಡಿಕೊಳ್ಳುತ್ತದೆ. ಅನೇಕ ವಾಹನಗಳಲ್ಲಿ ಈ ಒತ್ತಡ ಹೊರಗಿನದಕ್ಕಿಂತ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಹೆಚ್ಚು. ನೀರಿನ ಜೊತೆ ಕೂಲೆಂಟ್ ಬೆರೆಸಿದರೆ ಕುದಿಯುವ ಬಿಂದು ಮತ್ತೂ ಏರುತ್ತದೆ, ಒಳಗೆ ತುಕ್ಕು ಹಿಡಿಯುವುದೂ ತಪ್ಪುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಹೋಸಿನ ಒಳ ಅಳತೆ 4 ಸೆಂಟಿಮೀಟರ್ ಅಡ್ಡ ಇದೆ ಎಂದುಕೊಳ್ಳಿ. ಅದರ ಬಾಯಿಯ ವಿಸ್ತೀರ್ಣ 3.14 × 2 × 2, ಅಂದರೆ ಸುಮಾರು 12.5 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂನಂತೆ ಹೋಸನ್ನು ಹೊರಕ್ಕೆ ತಳ್ಳುವ ಬಲ ಸುಮಾರು 12 ಕಿಲೋಗ್ರಾಂ ತೂಕಕ್ಕೆ ಸಮ. ಹನ್ನೆರಡು ಕಿಲೋ ಅಕ್ಕಿಯ ಚೀಲವನ್ನು ಹೋಸಿಗೆ ನೇತು ಹಾಕಿದಂತಾಯಿತು! ಹೋಸಿನ ತುದಿಗೆ ಬಿಗಿಯುವ ಕ್ಲಿಪ್ ಎಷ್ಟು ಮುಖ್ಯ ಎಂದು ಈಗ ಗೊತ್ತಾಯಿತಲ್ಲವೆ?

ಎಚ್ಚರಿಕೆ: ಬಿಸಿ ರೇಡಿಯೇಟರಿನ ಮುಚ್ಚಳವನ್ನು ಎಂದೂ ತೆರೆಯಬಾರದು. ತೆರೆದ ಕ್ಷಣವೇ ಒತ್ತಡ ಇಳಿಯುತ್ತದೆ. 100 ಡಿಗ್ರಿಗಿಂತ ಬಿಸಿಯಾಗಿದ್ದ ನೀರು ಒಮ್ಮೆಲೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ನಿಮ್ಮ ಎದುರಿಗೆ ಯಾರಾದರೂ ಹಾಗೆ ತೆರೆಯಲು ಹೋದರೆ ಬೇಡ ಎಂದು ಹೇಳಿ. ಸುಟ್ಟರೆ ಆ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಣ್ಣೆ, ಪೇಸ್ಟು, ಶಾಯಿ ಹಚ್ಚಬಾರದು.

ರೇಡಿಯೇಟರ್ ಹೋಸ್ ಬದಲಿಸುವುದು ಹೇಗೆ?

ಈ ಕೆಲಸವನ್ನು ತಿಳಿದ ದೊಡ್ಡವರು ಮನೆಯಂಗಳದಲ್ಲೇ ಮಾಡಬಹುದು. ನೀವು ಹತ್ತಿರ ನಿಂತು ನೋಡಿ. ಪ್ರತಿ ಹಂತದಲ್ಲೂ ವಿಜ್ಞಾನ ಇದೆ.

1. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬೆಳಿಗ್ಗೆ ವಾಹನ ಚಾಲೂ ಮಾಡುವ ಮೊದಲೇ ಕೆಲಸ ಶುರು ಮಾಡುವುದು ಒಳ್ಳೆಯದು. ವಾಹನ ಸಮತಟ್ಟಾದ ಜಾಗದಲ್ಲಿರಲಿ. ಹ್ಯಾಂಡ್ ಬ್ರೇಕ್ ಹಾಕಿ ಚಕ್ರಗಳಿಗೆ ಕಲ್ಲು ಕೊಡಬೇಕು. ಬ್ಯಾಟರಿಯ ತಂತಿ ಬಿಚ್ಚಬೇಕು. ಕೆಲವು ವಾಹನಗಳಲ್ಲಿ ವಿದ್ಯುತ್ ಫ್ಯಾನ್ ತಾನಾಗಿಯೇ ತಿರುಗಿ ಬೆರಳಿಗೆ ಪೆಟ್ಟಾಗಬಹುದು.

2. ಹೊಸ ಹೋಸನ್ನು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಬೇಕು. ಉದ್ದ, ಒಳ ಅಳತೆ, ಬಾಗು ಮೂರೂ ಒಂದೇ ಇರಬೇಕು. ನೇರವಾದ ಹೋಸನ್ನು ಬಲವಂತವಾಗಿ ಬಗ್ಗಿಸಿದರೆ ಮಡಿಕೆ ಬಿದ್ದು ದ್ರವದ ದಾರಿ ಮುಚ್ಚುತ್ತದೆ.

3. ರೇಡಿಯೇಟರಿನ ಕೆಳಗೆ ಅಗಲವಾದ ಬೇಸಿನ್ ಇಟ್ಟು ಕೆಳಗಿನ ತಿರುಪನ್ನು ಸಡಿಲಿಸಿ ಹಳೆಯ ದ್ರವವನ್ನು ಇಳಿಸಬೇಕು. ಆಗ ಮೇಲಿನ ಮುಚ್ಚಳವನ್ನೂ ತೆಗೆಯಬೇಕು. ಎಣ್ಣೆ ಡಬ್ಬಕ್ಕೆ ಎರಡು ತೂತು ಕೊರೆಯುತ್ತಾರಲ್ಲವೆ? ಒಂದರಿಂದ ಗಾಳಿ ಒಳಗೆ ಹೋದರೆ ಇನ್ನೊಂದರಿಂದ ಎಣ್ಣೆ ಸರಾಗವಾಗಿ ಬೀಳುತ್ತದೆ. ಇಲ್ಲಿಯೂ ಅದೇ ತತ್ವ.

4. ಕ್ಲಿಪ್ಪಿನ ತಿರುಪನ್ನು ಸಡಿಲಿಸಿ ಅದನ್ನು ಪಕ್ಕಕ್ಕೆ ಜರುಗಿಸಬೇಕು. ಹೋಸನ್ನು ನೇರವಾಗಿ ಎಳೆಯದೆ ಮೊದಲು ತಿರುಚಬೇಕು. ವರ್ಷಗಳಿಂದ ಅಂಟಿಕೊಂಡ ರಬ್ಬರ್ ತಿರುಚಿದಾಗ ಬಿಡುತ್ತದೆ. ಬಿಡದಿದ್ದರೆ ಹೋಸನ್ನೇ ಉದ್ದಕ್ಕೆ ಸೀಳಿ ತೆಗೆಯಬೇಕು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ರೇಡಿಯೇಟರಿನ ಮೂತಿ ಮುರಿಯಬಹುದು. ಹೋಸ್ ಹೇಗೂ ಎಸೆಯುವ ವಸ್ತು. ರೇಡಿಯೇಟರ್ ಹಾಗಲ್ಲ.

5. ಮೂತಿಯ ಮೇಲಿನ ತುಕ್ಕು, ಬಿಳಿ ಪುಡಿ, ರಬ್ಬರಿನ ಚೂರುಗಳನ್ನು ಒರೆಸಿ ನುಣುಪಾಗಿಸಬೇಕು. ಕೂದಲೆಳೆಯಷ್ಟು ಸಂದಿಯಿದ್ದರೂ ಒತ್ತಡದಲ್ಲಿರುವ ದ್ರವ ದಾರಿ ಹುಡುಕುತ್ತದೆ.

6. ಕ್ಲಿಪ್ಪನ್ನು ಮೊದಲು ಹೊಸ ಹೋಸಿಗೆ ತೊಡಿಸಿ, ಆಮೇಲೆ ಹೋಸನ್ನು ಮೂತಿಗೆ ತಳ್ಳಬೇಕು. ಜಾರುವುದಕ್ಕಾಗಿ ಒಳಗೆ ಸ್ವಲ್ಪ ನೀರು ಸವರಿದರೆ ಸಾಕು. ಎಣ್ಣೆ, ಗ್ರೀಸ್ ಹಚ್ಚಬಾರದು. ಏಕೆಂದು ಬಲೂನು ನಿಮಗೆ ಹೇಳಿದೆ.

7. ಮೂತಿಯ ತುದಿಯಲ್ಲಿ ಒಂದು ಉಬ್ಬು ಅಂಚು ಇರುತ್ತದೆ. ಹೋಸ್ ಆ ಉಬ್ಬನ್ನು ದಾಟಿ ಹೋಗಬೇಕು. ಕ್ಲಿಪ್ ಉಬ್ಬಿನ ಹಿಂದೆ ಕೂರಬೇಕು, ಉಬ್ಬಿನ ಮೇಲಲ್ಲ. ಆಗ ಹೋಸ್ ಹೊರಬರಲು ಹೋದರೂ ಉಬ್ಬು ತಡೆಯುತ್ತದೆ.

8. ಕ್ಲಿಪ್ಪನ್ನು ಹದವಾಗಿ ಬಿಗಿಯಬೇಕು. ತಿರುಪು ಒಂದು ಸರಳ ಯಂತ್ರ ಎಂದು ಪಾಠದಲ್ಲಿ ಓದಿದ್ದೀರಿ. ಅದು ಸುತ್ತಿಟ್ಟ ಇಳಿಜಾರು. ಘಟ್ಟದ ರಸ್ತೆ ಬೆಟ್ಟವನ್ನು ಸುತ್ತಿ ಸುತ್ತಿ ಏರುವುದರಿಂದ ವಾಹನ ಕಡಿಮೆ ಬಲದಲ್ಲೇ ಮೇಲೇರುತ್ತದೆ. ಹಾಗೆಯೇ ಕೈಯ ಸಣ್ಣ ಬಲ ತಿರುಪಿನಲ್ಲಿ ದೊಡ್ಡ ಹಿಡಿತವಾಗುತ್ತದೆ. ಆದ್ದರಿಂದಲೇ ಅತಿಯಾಗಿ ಬಿಗಿದರೆ ಕ್ಲಿಪ್ಪಿನ ಪಟ್ಟಿ ರಬ್ಬರನ್ನೇ ಕತ್ತರಿಸುತ್ತದೆ.

9. ಕೆಳಗಿನ ತಿರುಪನ್ನು ಮುಚ್ಚಿ, ಕೂಲೆಂಟ್ ಬೆರೆಸಿದ ನೀರನ್ನು ನಿಧಾನವಾಗಿ ತುಂಬಬೇಕು. ಅವಸರದಿಂದ ಸುರಿದರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಗಾಳಿ ಶಾಖವನ್ನು ಚೆನ್ನಾಗಿ ಒಯ್ಯುವುದಿಲ್ಲ. ಗಾಳಿಗುಳ್ಳೆ ನಿಂತ ಜಾಗದಲ್ಲಿ ಎಂಜಿನ್ ವಿಪರೀತ ಕಾಯುತ್ತದೆ. ಗಾಳಿ ಹೊರಹಾಕುವ ಕ್ರಮ ಒಂದೊಂದು ವಾಹನಕ್ಕೆ ಒಂದೊಂದು ಬಗೆ. ಅದನ್ನು ವಾಹನದ ಕೈಪಿಡಿಯಲ್ಲಿ ನೋಡಿ ಮಾಡಬೇಕು.

10. ಬ್ಯಾಟರಿಯ ತಂತಿ ಜೋಡಿಸಿ, ಮುಚ್ಚಳ ಹಾಕಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ ಎರಡೂ ತುದಿಗಳಲ್ಲಿ ಸೋರಿಕೆ ಇದೆಯೇ ಎಂದು ನೋಡಬೇಕು. ಮರುದಿನ ತಣ್ಣಗಿದ್ದಾಗ ದ್ರವದ ಮಟ್ಟವನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಬೇಸಿನ್ನಿನಲ್ಲಿ ಉಳಿದ ಹಳೆಯ ದ್ರವವನ್ನು ಏನು ಮಾಡುವುದು? ಕೂಲೆಂಟಿನಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಎಂಬ ವಿಷ ಇರುತ್ತದೆ. ಅದರ ರುಚಿ ಸಿಹಿ! ಅಂಗಳದಲ್ಲಿ ಚೆಲ್ಲಿದರೆ ನಾಯಿ, ಬೆಕ್ಕುಗಳು ನೆಕ್ಕಿ ಸಾಯಬಹುದು. ಚಿಕ್ಕ ಮಕ್ಕಳಿಗೂ ಅಪಾಯ. ತೋಡಿಗೆ ಸುರಿದರೆ ಅದು ಹೊಳೆ ಸೇರುತ್ತದೆ. ಕಾವೇರಿ ಹುಟ್ಟುವ ನಾಡಿನವರು ನಾವು. ನಮ್ಮ ತೋಡಿನ ನೀರನ್ನೇ ಕೆಳಗಿನ ಊರಿನವರು ಕುಡಿಯುತ್ತಾರೆ. ಆದ್ದರಿಂದ ಹಳೆಯ ಕೂಲೆಂಟನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿನಲ್ಲಿ ವಿಚಾರಿಸಿ ಒಪ್ಪಿಸಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಲೇಬಾರದು.

ಪ್ರಯೋಗ 2: ಸಿರಿಂಜಿನ ಬ್ರೇಕ್

ಬೇಕಾಗುವ ಸಾಮಗ್ರಿಗಳು: ಔಷಧಿ ಅಂಗಡಿಯಿಂದ ತಂದ ಸೂಜಿಯಿಲ್ಲದ ಎರಡು ಹೊಸ ಸಿರಿಂಜು (ಒಂದು ಸಣ್ಣದು, ಒಂದು ದೊಡ್ಡದು), ಅವುಗಳ ಮೂತಿಗೆ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಕೊಳವೆ, ನೀರು. ಬಳಸಿ ಎಸೆದ ಸಿರಿಂಜನ್ನು ಮುಟ್ಟಬೇಡಿ.

ವಿಧಾನ: ಬಕೆಟಿನ ನೀರಿನಲ್ಲಿ ಮುಳುಗಿಸಿಯೇ ಸಿರಿಂಜು ಮತ್ತು ಕೊಳವೆಗಳಿಗೆ ನೀರು ತುಂಬಿ ಜೋಡಿಸಿ. ಗಾಳಿಗುಳ್ಳೆ ಇರಬಾರದು. ದೊಡ್ಡ ಸಿರಿಂಜಿನ ಹಿಡಿಯನ್ನು ಅರ್ಧದವರೆಗೆ ಒತ್ತಿಡಿ. ಈಗ ಸಣ್ಣ ಸಿರಿಂಜಿನ ಹಿಡಿಯನ್ನು ಒತ್ತಿ. ದೊಡ್ಡದರ ಹಿಡಿಯನ್ನು ಗೆಳೆಯನೊಬ್ಬ ಬೆರಳಿನಿಂದ ತಡೆಯಲಿ. ಆಮೇಲೆ ಕೊಳವೆಯೊಳಗೆ ಸ್ವಲ್ಪ ಗಾಳಿ ಸೇರಿಸಿ ಮತ್ತೆ ಒತ್ತಿ ನೋಡಿ.

ಏನು ಗಮನಿಸಿದಿರಿ? ನೀರು ಮಾತ್ರ ಇದ್ದಾಗ ಸಣ್ಣ ಸಿರಿಂಜನ್ನು ಒತ್ತಿದ ಕೂಡಲೇ ದೊಡ್ಡದರ ಹಿಡಿ ಗೆಳೆಯನ ಬೆರಳನ್ನು ಬಲವಾಗಿ ತಳ್ಳಿತು. ಗಾಳಿ ಸೇರಿದಾಗ ಒತ್ತಿದ ಹಿಡಿ ಸ್ಪಂಜಿನಂತೆ ಒಳಕ್ಕೆ ಹೋಯಿತು. ಆ ಕಡೆ ತಳ್ಳುವಿಕೆ ಕಡಿಮೆಯಾಯಿತು.

ಏಕೆ ಹೀಗೆ? ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಇದನ್ನು ಫ್ರಾನ್ಸಿನ ವಿಜ್ಞಾನಿ ಬ್ಲೇಸ್ ಪಾಸ್ಕಲ್ (1623-1662) ತಿಳಿಸಿದರು. ದೊಡ್ಡ ಸಿರಿಂಜಿನ ಬಾಯಿ ಸಣ್ಣದಕ್ಕಿಂತ ನಾಲ್ಕು ಪಟ್ಟು ವಿಸ್ತಾರವಾಗಿದ್ದರೆ ಅದರ ಮೇಲಿನ ಬಲವೂ ನಾಲ್ಕು ಪಟ್ಟು. ಕಾಲಿನ ಒಂದು ತುಳಿತ ಸಾವಿರಾರು ಕಿಲೋ ತೂಗುವ ಜೀಪನ್ನು ನಿಲ್ಲಿಸುವುದರ ಗುಟ್ಟು ಇದೇ. ದ್ರವ ಒತ್ತಿದರೆ ಕುಗ್ಗುವುದಿಲ್ಲ ಎನ್ನಬಹುದು. ಗಾಳಿ ಕುಗ್ಗುತ್ತದೆ. ಬ್ರೇಕಿನ ಕೊಳವೆಗೆ ಗಾಳಿ ಸೇರಿದರೆ ತುಳಿದ ಬಲವೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿದು ಚಕ್ರಕ್ಕೆ ತಲುಪುವುದಿಲ್ಲ.

ಘಟ್ಟ ಇಳಿಯುವಾಗ ಏನಾಗುತ್ತದೆ?

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಜೀಪನ್ನು ಕಲ್ಪಿಸಿಕೊಳ್ಳಿ. ಅದರ ತೂಕ 1500 ಕಿಲೋಗ್ರಾಂ, ಇಳಿಯುವ ಎತ್ತರ ಸುಮಾರು 1000 ಮೀಟರ್ ಎಂದು ಇಟ್ಟುಕೊಳ್ಳೋಣ. ಈ ಇಳಿತದಲ್ಲಿ ಹೊರಬರುವ ಶಕ್ತಿ ಸುಮಾರು 1.5 ಕೋಟಿ ಜೂಲ್. ಅಷ್ಟು ಶಕ್ತಿಯಿಂದ 45 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬಹುದು! ಚಾಲಕರು ದಾರಿಯುದ್ದಕ್ಕೂ ಬ್ರೇಕ್ ತುಳಿದುಕೊಂಡೇ ಇಳಿದರೆ ಇದರ ಬಹುಪಾಲು ಘರ್ಷಣೆಯಿಂದ ಶಾಖವಾಗಿ ಬ್ರೇಕಿಗೇ ಸೇರುತ್ತದೆ.

ಬ್ರೇಕ್ ಆಯಿಲಿಗೆ ಇನ್ನೊಂದು ಗುಣವಿದೆ. ಮಳೆಗಾಲದಲ್ಲಿ ತೆರೆದಿಟ್ಟ ಉಪ್ಪು ನೀರೊಡೆಯುವಂತೆ ಅದೂ ಗಾಳಿಯ ತೇವವನ್ನು ಹೀರುತ್ತದೆ. ಡಾಟ್-3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಹೀರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಹಳೆಯ ಆಯಿಲ್ ಬಿಸಿಯಾದ ಬ್ರೇಕಿನಲ್ಲಿ ಕುದಿದರೆ ಹಬೆಯ ಗುಳ್ಳೆಗಳು ಏಳುತ್ತವೆ. ಗುಳ್ಳೆ ಎಂದರೆ ಸಿರಿಂಜಿನಲ್ಲಿ ಸೇರಿದ ಗಾಳಿಯಂತೆಯೇ. ಬ್ರೇಕ್ ತುಳಿದರೂ ವಾಹನ ನಿಲ್ಲದು.

ಅನುಭವಿ ಚಾಲಕರು ಘಟ್ಟ ಇಳಿಯುವಾಗ ಕೆಳ ಗೇರಿನಲ್ಲಿ ಬರುವುದು ಇದಕ್ಕಾಗಿಯೇ. ಆಗ ಎಂಜಿನ್ನೇ ವೇಗವನ್ನು ತಡೆಯುತ್ತದೆ. ಬ್ರೇಕಿನ ಮೇಲಿನ ಹೊರೆ ತಗ್ಗುತ್ತದೆ.

ಬ್ರೇಕ್ ಹೋಸಿನಲ್ಲಿ ಒತ್ತಡ ರೇಡಿಯೇಟರ್ ಹೋಸಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಆದ್ದರಿಂದ ಅದರ ತುದಿಗೆ ಕ್ಲಿಪ್ ಸಾಲದು. ಕಾರ್ಖಾನೆಯಲ್ಲೇ ಬಿಗಿದ ಲೋಹದ ತುದಿ ಇರುತ್ತದೆ. ಅದನ್ನು ಬದಲಿಸಿದ ಮೇಲೆ ಕೊಳವೆಯೊಳಗಿನ ಗಾಳಿಯನ್ನು ಪೂರ್ತಿ ಹೊರತೆಗೆಯಬೇಕು. ಇದು ಮನೆಯಂಗಳದ ಕೆಲಸವಲ್ಲ. ಪಳಗಿದ ಮೆಕ್ಯಾನಿಕ್ಕರೇ ಮಾಡಬೇಕು. ಇಂಧನದ ಹೋಸಿಗೂ ಇದೇ ಮಾತು.

ನೀವು ಏನು ಮಾಡಬಹುದು?

ಹೋಸ್ ಸಾಮಾನ್ಯವಾಗಿ ಸೂಚನೆ ಕೊಟ್ಟೇ ಒಡೆಯುತ್ತದೆ. ಆ ಸೂಚನೆಗಳನ್ನು ಗುರುತಿಸಲು ನಿಮ್ಮ ಕಣ್ಣು ಸಾಕು. ವಾಹನ ತಣ್ಣಗಿದ್ದು ನಿಂತಿರುವಾಗ, ದೊಡ್ಡವರ ಜೊತೆಯಲ್ಲಿ ಮಾತ್ರ, ಹೀಗೆ ಪರೀಕ್ಷಿಸಿ.

ರೇಡಿಯೇಟರ್ ಹೋಸನ್ನು ಮೆಲ್ಲಗೆ ಹಿಸುಕಿ. ಒಳ್ಳೆಯ ಹೋಸ್ ಸ್ವಲ್ಪ ಬಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಕಡ್ಡಿಯಂತೆ ಗಡುಸಾಗಿದ್ದರೆ ಅಥವಾ ತೀರಾ ಮೆತ್ತಗಿದ್ದರೆ ಬದಲಿಸುವ ಕಾಲ ಬಂದಿದೆ. ಬಾಗಿರುವ ಕಡೆ ಸಣ್ಣ ಬಿರುಕುಗಳಿವೆಯೇ, ಕ್ಲಿಪ್ಪಿನ ಬಳಿ ಉಬ್ಬಿದೆಯೇ, ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ ನೋಡಿ. ರಾತ್ರಿ ನಿಲ್ಲಿಸಿದ ವಾಹನದ ಕೆಳಗೆ ಬೆಳಿಗ್ಗೆ ಒದ್ದೆ ಕಲೆ ಕಂಡರೆ ಮನೆಯವರಿಗೆ ತಿಳಿಸಿ. ಕಲೆ ಚಕ್ರದ ಒಳಬದಿಯಲ್ಲಿದ್ದರೆ ಅದು ಬ್ರೇಕ್ ಆಯಿಲ್ ಇರಬಹುದು. ಮೆಕ್ಯಾನಿಕ್ಕರು ನೋಡುವವರೆಗೆ ಆ ವಾಹನ ಹೊರಡಬಾರದು.

ಜೀಪಿನ ಬಣ್ಣ, ದೀಪ, ಹಾರ್ನು ಎಲ್ಲರಿಗೂ ಕಾಣುತ್ತವೆ, ಕೇಳುತ್ತವೆ. ಬಾನೆಟ್ಟಿನ ಅಡಿಯಲ್ಲಿರುವ ಕಪ್ಪು ಕೊಳವೆಯನ್ನು ನೋಡುವವರು ಕಡಿಮೆ. ಮುಂದಿನ ಸಲ ಮನೆಯಲ್ಲಿ ಬಾನೆಟ್ ತೆರೆದಾಗ ನೀವು ನೋಡಿ.

ಯೋಚಿಸಿ ಉತ್ತರಿಸಿ

1. ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗಿಂತ ಕಡಿಮೆಯಲ್ಲಿ ಕುದಿಯುವುದೇಕೆ?
2. ರೇಡಿಯೇಟರ್ ಹೋಸಿನ ಒಳಗೆ ಗ್ರೀಸ್ ಹಚ್ಚಬಾರದು, ಏಕೆ?
3. ಹೋಸಿನ ಒಳ ಅಳತೆ 2 ಸೆಂಟಿಮೀಟರ್ ಅಡ್ಡ ಇದ್ದರೆ, ಮೇಲಿನದೇ ಒತ್ತಡದಲ್ಲಿ ಅದನ್ನು ಹೊರಕ್ಕೆ ತಳ್ಳುವ ಬಲ ಎಷ್ಟು?
4. ಬ್ರೇಕ್ ತುಳಿದಾಗ ಸ್ಪಂಜಿನಂತೆ ಮೆತ್ತಗಿದ್ದರೆ ಏನಾಗಿರಬಹುದು?

ಉತ್ತರಗಳು

1. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಒತ್ತಡ ತಗ್ಗಿದರೆ ಕುದಿಯುವ ಬಿಂದುವೂ ತಗ್ಗುತ್ತದೆ.
2. ಗ್ರೀಸಿನ ಎಣ್ಣೆ ಆ ಜಾತಿಯ ರಬ್ಬರಿನೊಳಗೆ ನುಸುಳಿ ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ.
3. 3.14 × 1 × 1, ಅಂದರೆ ಸುಮಾರು 3 ಕಿಲೋಗ್ರಾಂ ತೂಕಕ್ಕೆ ಸಮ. ಅಳತೆ ಅರ್ಧವಾದರೆ ಬಲ ಕಾಲು ಭಾಗವಾಗುತ್ತದೆ.
4. ಬ್ರೇಕಿನ ಕೊಳವೆಯೊಳಗೆ ಗಾಳಿ ಸೇರಿರಬಹುದು, ಆಯಿಲ್ ಕುದಿದು ಗುಳ್ಳೆ ಎದ್ದಿರಬಹುದು, ಇಲ್ಲವೆ ಹಳೆಯ ಹೋಸ್ ಉಬ್ಬುತ್ತಿರಬಹುದು. ವಾಹನವನ್ನು ಕೂಡಲೇ ನಿಲ್ಲಿಸಿ ಪರೀಕ್ಷಿಸಬೇಕು.